ಮನೆಗೆ ಕಳಿಸುವ ಮುಂಚೆ ಕಾಣಬೇಕಾದ ವೈದ್ಯರು



ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಮರ ಹತ್ತುವವರ ಮನೆಮಂದಿಗೆ ವರ್ಷದಲ್ಲಿ ಎರಡು ಕಾಲ ಆತಂಕದ ಕಾಲ. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲೆಂದು ಬೋರ್ಡೋ ಮದ್ದು ಹೊಡೆಯುವ ದಿನಗಳು ಒಂದು. ಆಗ ಮರದ ಮೈಯೆಲ್ಲ ಪಾಚಿಗಟ್ಟಿ ಜಾರುತ್ತಿರುತ್ತದೆ. ಅಡಿಕೆ ಗೊಂಚಲು, ಅಂದರೆ ಕೊನೆ, ಕೊಯ್ಯುವ ಸುಗ್ಗಿ ಇನ್ನೊಂದು. ಅಷ್ಟು ಎತ್ತರದಲ್ಲಿ ಒಂದು ಮರದಿಂದ ಪಕ್ಕದ ಮರಕ್ಕೆ ತೂಗಿ ದಾಟುವ ಕೊನೆಗಾರನನ್ನು ಕೆಳಗೆ ನಿಂತು ನೋಡಿದವರಿಗೆ, ಕೈ ಜಾರಿದರೆ ಏನಾದೀತು ಎಂಬುದೂ ಗೊತ್ತಿರುತ್ತದೆ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮದ್ದು ಹೊಡೆಯಬಹುದು. ಆದರೂ ಮರ ಹತ್ತುವುದು ನಿಂತಿಲ್ಲ, ಬೀಳುವುದೂ ನಿಂತಿಲ್ಲ.

ಬಿದ್ದವರಲ್ಲಿ ಕೆಲವರಿಗೆ ಬೆನ್ನುಮೂಳೆ ಮುರಿದು ಅದರೊಳಗಿನ ಬೆನ್ನುಹುರಿಗೆ ಪೆಟ್ಟಾಗುತ್ತದೆ. ಸೊಂಟದಿಂದ ಕೆಳಗೆ ಬಲವೂ ಇಲ್ಲ, ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಹಾಗೆ ಬಿದ್ದವರನ್ನು ಕೈಕಾಲು ಹಿಡಿದು ಮಡಚಿ ಎತ್ತಬೇಡಿ, ಆಟೋದ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಬೇಡಿ. ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದೆ ಇರಿ. ಸಾಗಿಸಲೇಬೇಕಾದರೆ ಒಂದು ಹಲಗೆಯ ಮೇಲೆ ನಾಲ್ಕಾರು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಮಲಗಿಸಿ. ಬೀಳುವಾಗ ಉಳಿದಿದ್ದ ನರ, ಎತ್ತುವಾಗ ಹಾಳಾಗುವುದುಂಟು.

ನಾನು ಇಂದು ಮುಖ್ಯವಾಗಿ ಹೇಳಲು ಹೊರಟಿರುವುದು ಆಪರೇಷನ್ ಮುಗಿದ ಮೇಲಿನ ಮಾತು. ಶಿವಮೊಗ್ಗವೋ ಮಂಗಳೂರೋ ಬೆಂಗಳೂರೋ, ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ರಾಡು, ಸ್ಕ್ರೂ ಹಾಕಿ ಮುರಿದ ಮೂಳೆಯನ್ನು ಭದ್ರ ಮಾಡುತ್ತಾರೆ. ಕೆಲವು ದಿನ ಕಳೆದು ಡಿಸ್ಚಾರ್ಜ್ ಬರೆಯುತ್ತಾರೆ. "ಡಾಕ್ಟ್ರೇ, ಇವರು ಯಾವಾಗ ನಡೀತಾರೆ?" ಎಂದು ಹೆಂಡತಿ ಕೇಳುತ್ತಾಳೆ. "ನೋಡೋಣಮ್ಮ, ಮನೆಗೆ ಕರ್ಕೊಂಡು ಹೋಗಿ ಫಿಸಿಯೋಥೆರಪಿ ಮಾಡಿಸಿ" ಎಂಬ ಉತ್ತರ ಬರುತ್ತದೆ. ಮೂತ್ರದ ಪೈಪು, ಚೀಲದ ಸಮೇತ ಮನುಷ್ಯ ಮನೆಗೆ ಬರುತ್ತಾನೆ. ಪಡಸಾಲೆಯ ಒಂದು ಮೂಲೆಯಲ್ಲಿ ಮಂಚ. ಬಂಧುಗಳು ಬಂದು ನೋಡಿಕೊಂಡು ಹೋಗುತ್ತಾರೆ. ಕೆಲವೇ ವಾರಗಳಲ್ಲಿ ಸೊಂಟದ ಹಿಂಭಾಗದಲ್ಲಿ ಚರ್ಮ ಕೆಂಪಾಗಿ, ಕಪ್ಪಾಗಿ, ಹುಣ್ಣಾಗುತ್ತದೆ. ನೋವಿಲ್ಲವಾದ್ದರಿಂದ ಆತನಿಗೆ ಗೊತ್ತೇ ಆಗಿರುವುದಿಲ್ಲ. ಅದರ ಬೆನ್ನಲ್ಲೇ ಚಳಿಜ್ವರ, ಮೂತ್ರದ ಸೋಂಕು. ಆಪರೇಷನ್ ಗೆದ್ದ ಮನುಷ್ಯ ಹಾಸಿಗೆ ಹುಣ್ಣಿಗೆ ಸೋಲುತ್ತಾನೆ.

ಇದು ಹಣೆಬರಹವಲ್ಲ, ತಡೆಯಬಹುದಾದ ಸಂಕಟ. ಇದನ್ನು ತಡೆಯುವುದನ್ನೇ ಓದಿದ, ಅದನ್ನೇ ವೃತ್ತಿಯಾಗಿ ಮಾಡಿಕೊಂಡ ವೈದ್ಯರು ಇದ್ದಾರೆ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಶನ್ ಎಂಬುದು ಅವರ ವಿಭಾಗದ ಹೆಸರು. ಆಸ್ಪತ್ರೆಯ ಬೋರ್ಡಿನಲ್ಲಿ ಪಿ.ಎಂ.ಆರ್. ಎಂದು ಬರೆದಿರುತ್ತದೆ, ಕೆಲವು ಕಡೆ ಪುನರ್ವಸತಿ ವಿಭಾಗ ಎಂದಿರುತ್ತದೆ. ಈ ವೈದ್ಯರನ್ನು ಹುಡುಕಬೇಕಾದದ್ದು ಮನೆಗೆ ಬಂದು ಹುಣ್ಣಾದ ಮೇಲಲ್ಲ. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ. ಇವತ್ತಿನ ನನ್ನ ಮಾತೆಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ಫಿಸಿಯೋಥೆರಪಿಸ್ಟ್ ಬೇರೆ, ಪಿ.ಎಂ.ಆರ್. ವೈದ್ಯರು ಬೇರೆ. ಬಹಳ ಜನ ಇಬ್ಬರನ್ನೂ ಒಂದೇ ಎಂದುಕೊಳ್ಳುತ್ತಾರೆ. ಪಿ.ಎಂ.ಆರ್. ವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಆಮೇಲೆ ಈ ವಿಷಯದಲ್ಲಿ ಮೂರು ವರ್ಷ ಎಂ.ಡಿ. ಅಥವಾ ಡಿ.ಎನ್.ಬಿ. ಓದಿದವರು. ಔಷಧಿ ಬರೆಯುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಮೂತ್ರಕೋಶದ ಪರೀಕ್ಷೆ ಮಾಡಿಸುತ್ತಾರೆ, ಯಾವ ವ್ಯಾಯಾಮ ಯಾವಾಗ, ಯಾವುದು ಕೂಡದು ಎಂದು ತೀರ್ಮಾನಿಸುತ್ತಾರೆ. ಫಿಸಿಯೋಥೆರಪಿಸ್ಟ್ ದಿನವೂ ಕೈಹಿಡಿದು ಸ್ನಾಯುಗಳಿಗೆ ಕೆಲಸ ಕಲಿಸುವವರು. ಆಕ್ಯುಪೇಷನಲ್ ಥೆರಪಿಸ್ಟ್ ಊಟ, ಸ್ನಾನ, ಬಟ್ಟೆ, ಬರವಣಿಗೆ, ಅಡುಗೆ ಇಂಥ ನಿತ್ಯದ ಕೆಲಸಗಳನ್ನು ಹೊಸ ರೀತಿಯಲ್ಲಿ ಮಾಡಲು ಕಲಿಸುವವರು. ಕೃತಕ ಕಾಲು, ಕ್ಯಾಲಿಪರ್, ಸ್ಪ್ಲಿಂಟ್ ಅಳತೆ ತೆಗೆದು ಮಾಡಿಕೊಡುವವರು ಮತ್ತೊಬ್ಬರು. ಮಾತು ಮತ್ತು ನುಂಗುವಿಕೆ ನೋಡುವವರು ಇನ್ನೊಬ್ಬರು. ಇವರೆಲ್ಲ ಒಂದೇ ರೋಗಿಯ ಬಗ್ಗೆ ಒಂದೇ ಗುರಿ ಇಟ್ಟುಕೊಂಡು ಕೆಲಸ ಮಾಡುವಂತೆ ನೋಡಿಕೊಳ್ಳುವುದು ಪಿ.ಎಂ.ಆರ್. ವೈದ್ಯರ ಹೊಣೆ. ಇವರಲ್ಲಿ ಯಾರು ಹೆಚ್ಚು ಯಾರು ಕಡಿಮೆ ಎಂಬ ಪ್ರಶ್ನೆಯೇ ಇಲ್ಲ. ಒಳ್ಳೆಯ ಫಿಸಿಯೋಥೆರಪಿಸ್ಟ್ ಸಿಕ್ಕಿದ್ದರೆ ಅವರನ್ನು ಬಿಡಬೇಡಿ; ಅವರ ಜೊತೆಗೆ ಇಡೀ ಚಿತ್ರ ನೋಡುವ ವೈದ್ಯರೊಬ್ಬರು ಇರಲಿ ಎಂಬುದಷ್ಟೇ ನನ್ನ ಮಾತು.

ಈ ವೈದ್ಯಶಾಖೆ ಬಲವಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅದಕ್ಕೂ ಮುಂಚೆ ಬೆನ್ನುಹುರಿ ತುಂಡಾದ ಸೈನಿಕರಲ್ಲಿ ಹೆಚ್ಚಿನವರು ಕೆಲವು ತಿಂಗಳು, ಒಂದೆರಡು ವರ್ಷಗಳಲ್ಲಿ ತೀರಿಹೋಗುತ್ತಿದ್ದರು. ವೈದ್ಯರೂ ಕೈಚೆಲ್ಲಿದ್ದರು. ನಾಜಿಗಳ ಕಾಟದಿಂದ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದಿದ್ದ ಲುಡ್ವಿಗ್ ಗುಟ್ಮನ್ ಎಂಬ ನರವೈದ್ಯರಿಗೆ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಾರ್ಡನ್ನು ಒಪ್ಪಿಸಲಾಯಿತು. ಈ ಹುಡುಗರನ್ನು ಕೊಲ್ಲುತ್ತಿರುವುದು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಎಂದು ಅವರು ಕಂಡುಕೊಂಡರು. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಪ್ರತಿ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಹಾಗೆ ಬದುಕಿ ಉಳಿದವರನ್ನು ಮಲಗಿರಲು ಬಿಡದೆ ಕೆಲಸ ಕಲಿಸಿದರು, ಆಟ ಆಡಿಸಿದರು. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ ಆ ಆಸ್ಪತ್ರೆಯ ಅಂಗಳದಲ್ಲಿ ವ್ಹೀಲ್‌ಚೇರಿನ ಮೇಲೆ ಕೂತ ಮಾಜಿ ಸೈನಿಕರ ಬಿಲ್ಲುಗಾರಿಕೆ ಸ್ಪರ್ಧೆ ನಡೆಯಿತು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅದರಿಂದಲೇ. ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಹೊವಾರ್ಡ್ ರಸ್ಕ್ ಎಂಬ ವೈದ್ಯರು ಗಾಯಗೊಂಡ ವೈಮಾನಿಕರಿಗಾಗಿ ಇಂಥದೇ ಕೆಲಸ ಆರಂಭಿಸಿ, ನ್ಯೂಯಾರ್ಕಿನಲ್ಲಿ ದೊಡ್ಡ ಕೇಂದ್ರ ಕಟ್ಟಿದರು.

ನಮ್ಮ ಪಾಲಿಗೆ ಇವರಿಗಿಂತ ಹತ್ತಿರದವರು ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್. ಕೊಚ್ಚಿಯ ಕಡೆಯವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. 1954ರಲ್ಲಿ ಸಹೋದ್ಯೋಗಿಗಳೊಂದಿಗೆ ಹೋಗುತ್ತಿದ್ದ ವಾಹನ ಉರುಳಿ ಅವರ ಬೆನ್ನುಹುರಿಗೆ ಪೆಟ್ಟಾಯಿತು, ಕಾಲುಗಳ ಶಕ್ತಿ ಹೋಯಿತು. ಆಗ ಅವರಿನ್ನೂ ಇಪ್ಪತ್ತರ ಕೊನೆಯಲ್ಲಿದ್ದ ಯುವ ವೈದ್ಯೆ. ಆ ಕಾಲೇಜಿನ ಆಸ್ಪತ್ರೆಯಲ್ಲಿ ಕುಷ್ಠರೋಗದಿಂದ ಮರಗಟ್ಟಿ ಮಡಚಿಕೊಂಡ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಪಾಲ್ ಬ್ರಾಂಡ್ ಅವರ ಜೊತೆ ಸೇರಿ, ವ್ಹೀಲ್‌ಚೇರಿನಲ್ಲಿ ಕೂತೇ ರೋಗಿಗಳ ಕೈಗಳಿಗೆ ಆಪರೇಷನ್ ಮಾಡಲು ಅವರು ಕಲಿತರು. ಮುಂದೆ ಆಸ್ಟ್ರೇಲಿಯದ ಪರ್ತ್‌ನಲ್ಲಿ ಚಿಕಿತ್ಸೆ ಪಡೆದು, ನ್ಯೂಯಾರ್ಕಿಗೆ ಹೋಗಿ ರಸ್ಕ್ ಅವರ ಕೇಂದ್ರದಲ್ಲಿ ಈ ವೈದ್ಯಶಾಖೆಯನ್ನು ಓದಿದರು. ಅಲ್ಲೇ ನೆಲೆಸಬಹುದಿತ್ತು. ಆದರೆ ವೆಲ್ಲೂರಿಗೆ ಮರಳಿ ಪಿ.ಎಂ.ಆರ್. ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಊರ ಹೊರಗಿನ ಬಾಗಾಯಂನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಇಂದು ಅದಕ್ಕೆ ಅವರದೇ ಹೆಸರು. 1972ರಲ್ಲಿ ಪದ್ಮಶ್ರೀ ಬಂತು. ಕಾಲು ಹೋದ ಮೇಲೆ ಬದುಕು ಹೇಗೆ ಎಂದು ಕೇಳಿಕೊಂಡು ಅಲ್ಲಿಗೆ ಬರುವವರಿಗೆ, ವ್ಹೀಲ್‌ಚೇರಿನಲ್ಲಿ ಕೂತ ವೈದ್ಯೆಯೇ ಎದುರಾಗುತ್ತಿದ್ದರಲ್ಲ, ಅದಕ್ಕಿಂತ ದೊಡ್ಡ ಧೈರ್ಯ ಯಾವ ಔಷಧಿ ಕೊಟ್ಟೀತು? ನಮ್ಮ ನಾಡಿನಿಂದಲೂ ಎಷ್ಟೋ ಕುಟುಂಬಗಳು ಇವತ್ತಿಗೂ ವೆಲ್ಲೂರಿನ ರೈಲು ಹತ್ತುತ್ತವೆ.

ಇಂಥ ವೈದ್ಯರ ಬಳಿ ಹೋದರೆ ಅವರು ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಗೊತ್ತಿಲ್ಲದೆಯೇ ಜನ ಹೋಗುವುದಿಲ್ಲ. ಎಕ್ಸ್‌ರೇ, ಎಂಆರ್‌ಐ ನೋಡುತ್ತಾರೆ, ನಿಜ. ಜೊತೆಗೆ ಬೇರೆ ವೈದ್ಯರು ಕೇಳದ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರ? ಜಗುಲಿಗೆ ಎಷ್ಟು ಮೆಟ್ಟಿಲು? ಬಚ್ಚಲು ಮನೆ ಒಳಗಿದೆಯೋ ಹಿತ್ತಲಲ್ಲಿದೆಯೋ? ಶೌಚಾಲಯದ ಬಾಗಿಲಿನ ಅಗಲ ಎಷ್ಟು? ಮನೆಯಲ್ಲಿ ಹಗಲು ಹೊತ್ತು ಯಾರಿರುತ್ತಾರೆ? ಬೀಳುವ ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ, ಇನ್ನು ಏನು ಮಾಡಬೇಕೆಂದಿದೆ? ಮಲೆನಾಡಿನ ಹಳೆಯ ಮನೆಗಳಲ್ಲಿ ಕೋಣೆಗೊಂದು ಹೊಸ್ತಿಲು, ಅಂಗಳಕ್ಕೆ ಇಳಿಯಲು ಮೆಟ್ಟಿಲು, ಶೌಚಾಲಯ ಹಿತ್ತಲಾಚೆ. ಅಲ್ಲಿ ವ್ಹೀಲ್‌ಚೇರ್ ತಂದಿಟ್ಟರೆ ಅದು ಒಂದು ಕೋಣೆಯಿಂದ ಆಚೆ ಹೋಗದು. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಬಾಗಿಲು ಮೂರು ಅಡಿ ಅಗಲವಿದ್ದರೆ ಅನುಕೂಲ ಎಂಬ ಲೆಕ್ಕವನ್ನು ಈ ವಿಭಾಗದವರು ಹೇಳಿಕೊಡುತ್ತಾರೆ. ಹೋಗುವಾಗ ಮನೆಯ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಬಚ್ಚಲು, ಬಾಗಿಲು, ಅಂಗಳ ಎಲ್ಲವೂ ಇರಲಿ.

ಮೂತ್ರದ ವಿಷಯ ಮಾತಾಡಲು ಎಲ್ಲರಿಗೂ ಸಂಕೋಚ, ಆದರೆ ಬೆನ್ನುಹುರಿಗೆ ಪೆಟ್ಟಾದವರ ಆಯುಷ್ಯ ನಿಂತಿರುವುದೇ ಅದರ ಮೇಲೆ. ಪೈಪನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋಂಕು, ಕಲ್ಲು ಬರುವ ಸಂಭವ ಹೆಚ್ಚು. ಮೂತ್ರಕೋಶ ಸರಿಯಾಗಿ ಖಾಲಿಯಾಗದೆ ಒಳಗೆ ಒತ್ತಡ ಏರಿದರೆ ಮೂತ್ರಪಿಂಡಕ್ಕೇ ಪೆಟ್ಟು. ಅಮೆರಿಕದ ಮಿಷಿಗನ್‌ನಲ್ಲಿ ಜಾಕ್ ಲ್ಯಾಪಿಡಿಸ್ ಎಂಬ ವೈದ್ಯರು 1972ರಲ್ಲಿ ಒಂದು ಸರಳ ವಿಧಾನವನ್ನು ಜಗತ್ತಿನ ಮುಂದಿಟ್ಟರು. ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದು, ಶುದ್ಧವಾದ ಸಣ್ಣ ಕ್ಯಾಥೆಟರನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಹಾಕಿ, ಮೂತ್ರಕೋಶ ಖಾಲಿ ಮಾಡಿ, ತೆಗೆದುಬಿಡುವುದು. ಇದನ್ನು ಓದು ಬರಹ ಬಾರದವರೂ ಕಲಿಯುತ್ತಾರೆ. ಎಷ್ಟು ನೀರು ಕುಡಿಯಬೇಕು, ಯಾವ ಹೊತ್ತಿಗೆ ಎಂಬ ಕ್ರಮ ಅದರ ಜೊತೆ ಬರುತ್ತದೆ. ಈ ವಿಧಾನ ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ ಎಂದು ನಿರ್ಧರಿಸುವುದು ಪರೀಕ್ಷೆ ಮಾಡಿದ ವೈದ್ಯರು. ಚೀಲ ಹೊತ್ತು ಮನೆಯೊಳಗೇ ಉಳಿದವರು ಇದನ್ನು ಕಲಿತ ಮೇಲೆ ಮದುವೆ ಮನೆಗೆ, ಜಾತ್ರೆಗೆ ಹೋಗಿಬರುವ ಧೈರ್ಯ ಮಾಡುತ್ತಾರೆ.

ಚರ್ಮದ ಕಾಳಜಿ ಮನೆಯವರ ಕೈಯಲ್ಲಿದೆ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೂತಿದ್ದಾಗ ಆಗಾಗ ಕೈಯೂರಿ ಪೃಷ್ಠವನ್ನು ಎತ್ತಿ ಭಾರ ಇಳಿಸುವುದು, ದಿನಕ್ಕೊಮ್ಮೆ ಕನ್ನಡಿ ಹಿಡಿದು ಸೊಂಟ, ಹಿಮ್ಮಡಿ ನೋಡಿಕೊಳ್ಳುವುದು. ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಮಟ್ಟದಲ್ಲಿ ಪೆಟ್ಟಾದವರ ಮನೆಯವರು ಇನ್ನೊಂದು ವಿಷಯ ನೆನಪಿಡಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರು ಬಂದರೆ, ಅದು ರಕ್ತದೊತ್ತಡ ಅಪಾಯಕಾರಿಯಾಗಿ ಏರಿದ್ದರ ಲಕ್ಷಣ. ಕೂಡಲೇ ಎದ್ದು ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಪೈಪು ಮಡಚಿದೆಯೋ ಕಟ್ಟಿದೆಯೋ ನೋಡಿ, ಆಸ್ಪತ್ರೆಗೆ ಸಾಗಿಸಿ. ಹೆಚ್ಚಿನ ಸಲ ಮೂತ್ರ ಕಟ್ಟಿದ್ದೋ ಮಲಬದ್ಧತೆಯೋ ಕಾರಣವಾಗಿರುತ್ತದೆ. ಇದನ್ನೆಲ್ಲ ಡಿಸ್ಚಾರ್ಜಿಗೆ ಮುಂಚೆ ಕಲಿಸದೆ ಕಳಿಸುವುದು ಅರ್ಧ ಚಿಕಿತ್ಸೆ ಎಂದೇ ನಾನು ಹೇಳುತ್ತೇನೆ.

ಈ ವೈದ್ಯರು ಬೇಕಾಗುವುದು ಬೆನ್ನುಹುರಿಗೆ ಮಾತ್ರವಲ್ಲ. ನಮ್ಮ ಊರುಗಳಲ್ಲಿ ಲಕ್ವ ಹೊಡೆದವರ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ಲಕ್ವದ ನಂತರ ಮಿದುಳು ಅತಿ ವೇಗವಾಗಿ ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಆಮೇಲೂ ಸುಧಾರಣೆ ಇದೆ, ಆದರೆ ನಿಧಾನ. ಆ ಅಮೂಲ್ಯವಾದ ತಿಂಗಳುಗಳನ್ನು ನಮ್ಮವರು ಎಣ್ಣೆ ತಿಕ್ಕಿಸಿಕೊಳ್ಳುತ್ತ, ನಾಟಿ ಔಷಧಿಗೆಂದು ಊರೂರು ಅಲೆಯುತ್ತ ಕಳೆದುಬಿಡುತ್ತಾರೆ. ನಾಟಿ ವೈದ್ಯರ ಬಗ್ಗೆ ನನಗೆ ಅಗೌರವವಿಲ್ಲ, ಕಳೆದುಹೋಗುವ ಕಾಲದ ಬಗ್ಗೆ ಸಂಕಟವಿದೆ. ಬಲವಿಲ್ಲದ ಕೈಯನ್ನು ಹಿಡಿದೆಳೆದು ಎಬ್ಬಿಸುವುದರಿಂದ ಹೆಗಲಿನ ಕೀಲು ಜಾರಿ, ನೋವು ಬಹುಕಾಲ ಕಾಡಬಹುದು. ನೀರು ಕುಡಿಸುವಾಗ ಕೆಮ್ಮು ಬಂದರೆ, ನುಂಗುವ ಶಕ್ತಿ ಪರೀಕ್ಷಿಸದೆ ಬಾಯಿಗೆ ಏನೂ ಹಾಕಬಾರದು. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಕೆಲವು ತಿಂಗಳ ಮೇಲೆ ಕೈ ಮಡಚಿ ಬಿಗಿದುಕೊಂಡು, ಕಾಲು ಎಳೆದುಕೊಂಡು ನಡೆಯುತ್ತಾರಲ್ಲ, ಆ ಬಿಗಿತಕ್ಕೆ ಮಾತ್ರೆಗಳಿವೆ, ಆಯ್ದ ಸ್ನಾಯುವಿಗೆ ಕೊಡುವ ಬೊಟುಲಿನಮ್ ಇಂಜೆಕ್ಷನ್ ಇದೆ, ಪಾದ ಜೋತು ಬೀಳದಂತೆ ತಡೆಯುವ ಸ್ಪ್ಲಿಂಟ್ ಇದೆ. ಮಾತು ಕಳೆದುಕೊಂಡವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು, ಹುಟ್ಟಿದಾಗ ಅಳಲು ತಡವಾಗಿ ಸೆರೆಬ್ರಲ್ ಪಾಲ್ಸಿ ಆದ ಮಕ್ಕಳು, ಅಪಘಾತದಲ್ಲಿ ತಲೆಗೆ ಪೆಟ್ಟಾದ ಹುಡುಗರು, ಇವರೂ ಈ ವೈದ್ಯರ ರೋಗಿಗಳೇ.

ಸರಿ, ಹುಡುಕುವುದು ಎಲ್ಲಿ? ನಿಜ ಹೇಳಬೇಕೆಂದರೆ ಈ ವೈದ್ಯರ ಸಂಖ್ಯೆ ನಮ್ಮಲ್ಲಿ ತೀರ ಕಡಿಮೆ, ಇರುವವರೂ ದೊಡ್ಡ ನಗರಗಳಲ್ಲೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ, ಅದು ಸರ್ಕಾರಿ ಸಂಸ್ಥೆ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಪಿ.ಎಂ.ಆರ್. ವಿಭಾಗವಿದೆ. ವೆಲ್ಲೂರಿನ ಮಾತು ಆಗಲೇ ಹೇಳಿದೆ. ಬೆಳಗಾವಿ, ವಿಜಯಪುರದ ಕಡೆಯವರಿಗೆ ಮುಂಬಯಿ ಹತ್ತಿರವಾದರೆ, ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಕೆಲಸ ಮಾಡುತ್ತಿದೆ. ಕೇರಳದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಭಾಗ ಬಹುಕಾಲದಿಂದ ಇದೆ. ದಕ್ಷಿಣ ಕನ್ನಡ, ಕೊಡಗಿನವರಿಗೆ ಕೋಯಿಕ್ಕೋಡ್ ದೂರವೇನಲ್ಲ. ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರನ್ನು ಕಟ್ಟಿದವರು ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ. 1965ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡೇಟಿನಿಂದ ಬೆನ್ನುಹುರಿ ಹಾಳಾಗಿ, ಗುಟ್ಮನ್ ಅವರ ಸ್ಟೋಕ್ ಮ್ಯಾಂಡೆವಿಲ್‌ನಲ್ಲೇ ಚಿಕಿತ್ಸೆ ಪಡೆದು ಬಂದವರು ಅವರು.

ವೈದ್ಯರಲ್ಲದೆ, ತರಬೇತಿ ಕೊಡುವ ಸಂಸ್ಥೆಗಳೂ ಇವೆ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಎ.ಪಿ.ಡಿ. ಸಂಸ್ಥೆ ಅಂಗವಿಕಲರಿಗೆ ಶಿಕ್ಷಣ, ಉದ್ಯೋಗ ತರಬೇತಿ ಕೊಡುತ್ತ ಬಂದಿದೆ, ಬೆನ್ನುಹುರಿಗೆ ಪೆಟ್ಟಾದವರ ಜೊತೆಗೂ ಕೆಲಸ ಮಾಡಿದೆ. ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆ ಕೃತಕ ಕಾಲು, ಕ್ಯಾಲಿಪರ್, ವ್ಹೀಲ್‌ಚೇರ್ ವಿಷಯದಲ್ಲಿ ಅನುಭವಿ.

ಹಳ್ಳಿಯಲ್ಲಿರುವ ಕೇಳುಗರೇ, ನಿಮಗೆ ಇನ್ನೂ ಹತ್ತಿರದ ಬಾಗಿಲೊಂದಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಜನ ಅವರನ್ನು ವಿ.ಆರ್.ಡಬ್ಲ್ಯು. ಎಂದೇ ಕರೆಯುತ್ತಾರೆ. ಬಹುಪಾಲು ಅವರೂ ಅಂಗವೈಕಲ್ಯ ಇರುವವರೇ, ಕಷ್ಟ ಬಲ್ಲವರು. ತಾಲ್ಲೂಕಿನಲ್ಲಿ ಅವರ ಮೇಲೆ ಎಂ.ಆರ್.ಡಬ್ಲ್ಯು., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕುವುದು, ಜಿಲ್ಲಾಸ್ಪತ್ರೆಯಲ್ಲಿ ಪ್ರಮಾಣಪತ್ರದ ದಿನ ಯಾವುದು ಎಂದು ತಿಳಿಯುವುದು, ಸಾಧನ ಸಲಕರಣೆಗಳ ಶಿಬಿರ ಎಲ್ಲಿ ಎಂಬುದೆಲ್ಲ ಅವರಿಂದ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಬಹಳಷ್ಟು ಸೌಲಭ್ಯಕ್ಕೆ ಕನಿಷ್ಠ ಶೇಕಡ 40ರ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಬೆಂಗಳೂರಿಗೋ ವೆಲ್ಲೂರಿಗೋ ಹೋಗಿಬರುವ ರೈಲಿನಲ್ಲಿ, ಒಬ್ಬರೇ ಪ್ರಯಾಣ ಮಾಡಲಾಗದವರಿಗೂ ಜೊತೆಗೆ ಬರುವ ಒಬ್ಬರಿಗೂ ರಿಯಾಯಿತಿ ಇದೆ. ಚಿಕಿತ್ಸೆ ಬೇಕಾದಾಗ ಕಾಗದಪತ್ರಕ್ಕೆ ಓಡಾಡುವ ಸ್ಥಿತಿ ಬಾರದಂತೆ ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ವೈದ್ಯರನ್ನು ಕಾಣುವ ಮುಂಚೆ ಅವರ ಓದು ಪರಿಶೀಲಿಸುವುದರಲ್ಲಿ ತಪ್ಪೇನೂ ಇಲ್ಲ. ಹೆಸರಿನ ಮುಂದೆ ಎಂ.ಡಿ. ಪಿ.ಎಂ.ಆರ್. ಅಥವಾ ಡಿ.ಎನ್.ಬಿ. ಪಿ.ಎಂ.ಆರ್. ಎಂದಿರಬೇಕು, ಹಿರಿಯರಲ್ಲಿ ಕೆಲವರಿಗೆ ಡಿಪ್ಲೊಮಾ ಇರುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯಲ್ಲೇ ಅಚ್ಚಾಗಿರುತ್ತದೆ. ರಿಹ್ಯಾಬ್ ಸೆಂಟರ್ ಎಂದು ಬೋರ್ಡು ಹಾಕಿದ ಎಲ್ಲ ಕಡೆ ಇಂಥ ವೈದ್ಯರು ಇರುವುದಿಲ್ಲ. ಕುಡಿತ ಬಿಡಿಸುವ ಕೇಂದ್ರಕ್ಕೂ ಅದೇ ಹೆಸರು, ವೃದ್ಧರನ್ನು ನೋಡಿಕೊಳ್ಳುವ ಮನೆಗೂ ಅದೇ ಹೆಸರು. ಆದ್ದರಿಂದ ಫೋನು ಮಾಡಿದಾಗಲೇ ಕೇಳಿಬಿಡಿ: ಪಿ.ಎಂ.ಆರ್. ಡಾಕ್ಟರು ದಿನವೂ ಬರುತ್ತಾರೋ, ವಾರಕ್ಕೊಮ್ಮೆಯೋ? ಒಳರೋಗಿಯಾಗಿ ಸೇರಿಸಿಕೊಳ್ಳುತ್ತೀರಾ? ಜೊತೆಗಿರುವವರಿಗೂ ಕಲಿಸುತ್ತೀರಾ? ಊರಿಗೆ ಹೋದ ಮೇಲೆ ವಿಡಿಯೊ ಕರೆಯಲ್ಲಿ ನೋಡುತ್ತೀರಾ? 2020ರ ಮಾರ್ಚಿನಿಂದ ನಮ್ಮ ದೇಶದಲ್ಲಿ ದೂರವೈದ್ಯಕ್ಕೆ ಸ್ಪಷ್ಟ ನಿಯಮಗಳಿವೆ. ಸಾಗರದಿಂದಲೋ ಸಿರಸಿಯಿಂದಲೋ ಮಲಗಿರುವವರನ್ನು ಪ್ರತಿ ತಿಂಗಳು ಬೆಂಗಳೂರಿಗೆ ಹೊತ್ತೊಯ್ಯುವ ಅಗತ್ಯವಿಲ್ಲ.

ಯಂತ್ರಗಳನ್ನು ನೋಡಿ ಆಸ್ಪತ್ರೆ ಆರಿಸಬೇಡಿ. ನಡೆಸುವ ರೋಬೋಟು ಇದೆ ಎಂಬ ಜಾಹೀರಾತು ಕಣ್ಣು ಸೆಳೆಯುತ್ತದೆ. ಅದು ಇದ್ದರೂ ತೊಂದರೆಯಿಲ್ಲ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಮೊದಲ ಭೇಟಿಯಲ್ಲೇ "ಮೂರು ತಿಂಗಳಲ್ಲಿ ನಡೆಸ್ತೀವಿ" ಎಂದು ಮಾತು ಕೊಡುವವರಿಗಿಂತ, "ಈ ತಿಂಗಳು ತಾನಾಗಿ ಎದ್ದು ಕೂರೋದನ್ನ ಕಲಿಸೋಣ, ಆಮೇಲೆ ಮಂಚದಿಂದ ಕುರ್ಚಿಗೆ" ಎಂದು ಹೇಳುವವರನ್ನು ನಂಬಿ. ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಬೆನ್ನುಹುರಿ ಕೂಡುತ್ತದೆ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಅಂಥ ಮಾರಾಟವನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ತೋಟ ಅಡವಿಟ್ಟು ಆ ದಾರಿ ಹಿಡಿಯಬೇಡಿ.

ವ್ಹೀಲ್‌ಚೇರ್ ದಾನ ಮಾಡುವ ಸಂಘಸಂಸ್ಥೆಗಳಿಗೂ ನನ್ನದೊಂದು ಕೋರಿಕೆ ಇದೆ. ಒಂದೇ ಅಳತೆಯ ಐವತ್ತು ಕುರ್ಚಿ ತರಿಸಿ, ವೇದಿಕೆಯ ಮೇಲೆ ಹಂಚಿದರೆ ಒಳ್ಳೆಯದಾಗುವುದಿಲ್ಲ. ಅಗಲ ಹೆಚ್ಚಾದರೆ ಬೆನ್ನು ಒಂದು ಕಡೆ ವಾಲುತ್ತದೆ, ದಿಂಬಿಲ್ಲದ ಸೀಟಿನ ಮೇಲೆ ಸ್ಪರ್ಶವಿಲ್ಲದ ಚರ್ಮ ಹುಣ್ಣಾಗುತ್ತದೆ. ಕುರ್ಚಿ ಕೂರುವವರ ಮೈಯಳತೆಗೆ ಇರಬೇಕು, ಜೊತೆಗೆ ಒತ್ತಡ ಹಂಚುವ ದಿಂಬು ಬೇಕು. ಅದೇ ಹಣದಲ್ಲಿ ಕಡಿಮೆ ಜನಕ್ಕೆ ಕೊಡಿ, ಸರಿಯಾಗಿ ಕೊಡಿ.

ರೋಗಿಯ ಮನಸ್ಸಿನ ಬಗ್ಗೆಯೂ ಒಂದು ಮಾತು. ನಿನ್ನೆಯವರೆಗೆ ದುಡಿದು ಮನೆ ಸಾಕಿದವನು ಇಂದು ಮತ್ತೊಬ್ಬರ ಕೈ ಕಾಯುವಾಗ, ಊಟ ಬಿಡುವುದು, ಮಾತು ಬಿಡುವುದು, ಬದುಕು ಸಾಕೆನ್ನುವುದು ಸಹಜ. ಅದನ್ನು ಹಟ, ಸೋಮಾರಿತನ ಎಂದು ಗದರಬೇಡಿ. ಅದಕ್ಕೂ ಚಿಕಿತ್ಸೆ ಇದೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಿ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ತಿರುಗಿಸುವ ಹೆಂಡತಿಗೆ, ತಾಯಿಗೆ, ಮಗಳಿಗೆ ನಿದ್ದೆ ಬೇಕು, ಅವರ ಬೆನ್ನೂ ಉಳಿಯಬೇಕು. ಮನೆಯ ಗಂಡಸರು, ಅಕ್ಕಪಕ್ಕದವರು ಪಾಳಿ ಹಂಚಿಕೊಳ್ಳಿ. ಎತ್ತುವ, ಕೂರಿಸುವ ಸರಿಯಾದ ವಿಧಾನವನ್ನು ಎಲ್ಲರೂ ಆಸ್ಪತ್ರೆಯಲ್ಲೇ ಕಲಿತು ಬನ್ನಿ.

ಸರ್ಕಾರದಲ್ಲಿ ನನ್ನ ಬೇಡಿಕೆ ಇಷ್ಟೇ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಪಿ.ಎಂ.ಆರ್. ವೈದ್ಯರ ಹುದ್ದೆ ಮಂಜೂರಾಗಲಿ, ಅವರ ಜೊತೆ ನಾಲ್ಕಾರು ಹಾಸಿಗೆಯ ಒಂದು ವಾರ್ಡು ಇರಲಿ, ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಷಯ ಕಲಿಯುವ ಸೀಟುಗಳು ಹೆಚ್ಚಲಿ. ಅಡಿಕೆ, ಕಾಫಿ, ಕಟ್ಟಡ ಕೆಲಸ, ಹೆದ್ದಾರಿ ಇರುವ ನಾಡಿನಲ್ಲಿ ಇದು ಹೆಚ್ಚಿನ ಬೇಡಿಕೆಯಲ್ಲ. ನಿಮ್ಮ ಶಾಸಕರು ಆಸ್ಪತ್ರೆಗೆ ಹೊಸ ಕಟ್ಟಡದ ಶಂಕುಸ್ಥಾಪನೆಗೆ ಬಂದಾಗ ಇದನ್ನು ಬರೆದು ಕೈಗೆ ಕೊಡಿ.

ಅಲ್ಲಿಯವರೆಗೆ, ನಿಮ್ಮ ಮನೆಯವರೋ ನೆರೆಯವರೋ ಬೆನ್ನುಹುರಿಯ ಪೆಟ್ಟು, ಲಕ್ವ, ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆ ಎಂದು ಆಸ್ಪತ್ರೆಯಲ್ಲಿದ್ದರೆ, ಡಿಸ್ಚಾರ್ಜಿಗೆ ಸಹಿ ಹಾಕುವ ಮುಂಚೆ ವೈದ್ಯರನ್ನು ಗೌರವದಿಂದ, ಆದರೆ ಬಿಡದೆ ಕೇಳಿ: "ಸರ್, ಪಿ.ಎಂ.ಆರ್. ಡಾಕ್ಟರಿಗೆ ಒಂದು ಪತ್ರ ಬರೆದುಕೊಡಿ."